ಮಕ್ಕಳೊಡನೆ ಪರದೇಶದ ಕಡಲತೀರ: ಹೊರಡುವ ಮುನ್ನ ಊರ ನೀರಿನಲ್ಲಿ ಈಜು



ಕಾಫಿಗೆ ಒಳ್ಳೆಯ ಧಾರಣೆ ಬಂದಂದಿನಿಂದ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರ ವಿಚಾರಣೆಗಳಲ್ಲಿ ಹೊಸದೊಂದು ಸೇರಿಕೊಂಡಿದೆ. ಗೊಬ್ಬರ ಎಂದು ಬರುತ್ತದೆ, ಮೈಲುತುತ್ತದ ದಾಸ್ತಾನು ಎಷ್ಟಿದೆ ಎಂಬ ಮಾತು ಮುಗಿದ ಮೇಲೆ ದನಿ ತಗ್ಗಿಸಿ, ಮಕ್ಕಳನ್ನು ಕರೆದುಕೊಂಡು ಶ್ರೀಲಂಕೆಗೋ ಥಾಯ್ಲೆಂಡಿಗೋ ಹೋಗಿ ನಾಲ್ಕು ದಿನ ಸಮುದ್ರದ ದಡದಲ್ಲಿ ಇದ್ದು ಬರಬೇಕೆಂದಿದ್ದೇವೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾರೆ. ಇದಕ್ಕೆ ದನಿ ತಗ್ಗಿಸುವ ಅಗತ್ಯವೇನೂ ಇಲ್ಲ. ವರ್ಷವಿಡೀ ತೋಟದಲ್ಲಿ ದುಡಿದವನು ಹೆಂಡತಿ ಮಕ್ಕಳೊಡನೆ ಒಂದು ವಾರ ಹೊರಗೆ ಹೋಗುವುದು ಅಪರಾಧವಲ್ಲ. ಹಣ ಪೋಲು ಎನ್ನುವ ಹಿರಿಯರ ಮಾತಿಗೂ ನಾವು ಒಪ್ಪುವುದಿಲ್ಲ. ಲೋಕ ಕಂಡ ಮಗು ತೋಟವನ್ನೂ ಬೇರೆ ಕಣ್ಣಿನಿಂದ ನೋಡುತ್ತದೆ.

ಆದರೆ ಹೋಗುವವರು ಬಣ್ಣದ ಚಿತ್ರ ನೋಡಿ ಊರು ಆರಿಸುತ್ತಾರೆ, ದರ ನೋಡಿ ತಿಂಗಳು ಆರಿಸುತ್ತಾರೆ. ಆ ತಿಂಗಳಲ್ಲಿ ಆ ಸಮುದ್ರ ಹೇಗಿರುತ್ತದೆ, ತಮ್ಮ ಮಗುವಿಗೆ ನೀರಿನ ಪರಿಚಯ ಎಷ್ಟಿದೆ ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಈ ಲೇಖನ ಆ ಎರಡು ಪ್ರಶ್ನೆಗಳ ಬಗ್ಗೆ.

ಕಬ್ಬಿನ ನಾಡಿನ ಪಾಠ

ಇದಕ್ಕೆ ನಾವು ಉದಾಹರಣೆಯಾಗಿ ತೆಗೆದುಕೊಳ್ಳುವುದು ಮಲೆನಾಡನ್ನಲ್ಲ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನು. ಕಾಫಿ ಅಡಿಕೆಯ ಪತ್ರಿಕೆಯಲ್ಲಿ ಕಬ್ಬಿನ ನಾಡಿನ ಮಾತೇಕೆ ಎಂದು ಸದಸ್ಯರು ಕೇಳಬಹುದು. ನಮ್ಮಲ್ಲಿ ಕೆಲವು ಮನೆಗಳಿಗೆ ಆ ಕಡೆ ಬೀಗತನವಿದೆ, ನಮಗೂ ಇದೆ. ಅದಕ್ಕಿಂತ ಮುಖ್ಯವಾಗಿ, ಅವರ ಜೀವನದ ಲಯವೂ ನಮ್ಮದೂ ಒಂದೇ. ಹಣ ತಿಂಗಳಿಗೊಮ್ಮೆ ಬರುವುದಿಲ್ಲ. ಬೆಳೆ ಮುಗಿದ ಮೇಲೆ ಒಟ್ಟಾಗಿ ಬರುತ್ತದೆ. ನಮ್ಮ ಕಾಫಿ ಕೊಯ್ಲು ಮುಗಿಯುವ ಕಾಲಕ್ಕೇ ಅಲ್ಲಿ ಕಬ್ಬು ನುರಿಯುವುದೂ ಮುಗಿಯುತ್ತ ಬರುತ್ತದೆ. ಮುಂದೆ ಏಪ್ರಿಲ್, ಮೇ: ಶಾಲೆಗೆ ರಜೆ, ಕೈಯಲ್ಲಿ ಹಣ, ಹೊರಗೆ ಬಿಸಿಲು. ಎರಡೂ ಕಡೆಯವರು ವಿಮಾನ ಹತ್ತುವುದು ಇದೇ ಹೊತ್ತಿಗೆ.

ಆ ನಾಲ್ಕು ತಾಲ್ಲೂಕುಗಳಿಗೆ ಸಮುದ್ರ ದೂರ. ರಸ್ತೆಯಲ್ಲಿ ಹೋದರೆ ಇನ್ನೂರು ಕಿಲೋಮೀಟರ್ ಮೀರುತ್ತದೆ. ಆದರೆ ಅವರು ನೀರು ಕಾಣದವರೇನಲ್ಲ. ಕೃಷ್ಣೆ, ಘಟಪ್ರಭೆ ಎರಡೂ ಆ ನಾಡಿನಲ್ಲೇ ಹರಿಯುತ್ತವೆ. ಹಿಂದೆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಮರಳಾಗುತ್ತಿತ್ತು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳಾಗಿದ್ದವರು ಸಿದ್ದು ನ್ಯಾಮಗೌಡರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು, ಅವರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರು ನಿಂತಿತು. ಸಹಕಾರದ ಮಾತಾಡುವ ನಾವೆಲ್ಲ ಒಮ್ಮೆ ಹೋಗಿ ನೋಡಿ ಬರಬೇಕಾದ ಸ್ಥಳ ಅದು. ಆಮೇಲೆ ಹಿಪ್ಪರಗಿಯಲ್ಲಿ ಬ್ಯಾರೇಜು ಬಂತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲ್ಲೂಕಿನ ಹೊಲಮನೆಗಳನ್ನು ಆವರಿಸಿತು. ಕಾಲುವೆ ಬಂತು, ಕೃಷಿಹೊಂಡ ಬಂತು. ಇಂದು ಹೆರಕಲ್ಲಿನ ಹಿನ್ನೀರಿಗೆ ರಾಜಹಂಸಗಳು ವಲಸೆ ಬಂದು ತಂಗುತ್ತವೆ. ನೀರು ಮನೆಯ ಬಾಗಿಲಿಗೇ ಬಂದಿದೆ.

ವಿಚಿತ್ರವೆಂದರೆ, ನೀರು ಹತ್ತಿರ ಬಂದಂತೆ ಈಜು ದೂರವಾಯಿತು. ನೀರು ಕಡಿಮೆಯಿದ್ದ ಕಾಲದಲ್ಲಿ ಆ ಊರುಗಳ ಹುಡುಗರು ಮೆಟ್ಟಿಲಿದ್ದ ತೋಟದ ಬಾವಿಗಳಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ಸೋದರಮಾವನ ಕೈಕೆಳಗೆ ಈಸಲು ಕಲಿಯುತ್ತಿದ್ದರು. ಆ ಕಡೆ ಈಜುವುದಕ್ಕೆ ಈಸುವುದು ಎಂದೇ ಹೇಳುವುದು. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳು ಹಾಳುಬಿದ್ದವು. ಹುಡುಗರು ಶಾಲೆಯ ವಾಹನ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗತೊಡಗಿದರು. ನಮ್ಮ ಕಡೆಯ ಕಥೆಯೂ ಇದೇ. ಬಾಳೆದಿಂಡು ತಬ್ಬಿಕೊಂಡು ಹೊಳೆಯ ಗುಂಡಿಯಲ್ಲಿ ಈಜು ಕಲಿತ ತಲೆಮಾರು ನಮ್ಮದು. ನಮ್ಮ ಮಕ್ಕಳು ಅರೆಬರೆ ಕಲಿತರು. ಮೊಮ್ಮಕ್ಕಳ ಪಾಲಿಗೆ ಹೊಳೆಯೆಂದರೆ ಕಾರಿನ ಕಿಟಕಿಯಿಂದ ಕಾಣುವ ದೃಶ್ಯ.

ಹೀಗೆ ನೀರಿನ ಪರಿಚಯವೇ ಇಲ್ಲದ ಮಗುವನ್ನು, ನೀರಿನಲ್ಲೆಲ್ಲ ಅತಿ ಕಠಿಣವಾದ ಸಮುದ್ರಕ್ಕೆ, ಅದೂ ಭಾಷೆ ತಿಳಿಯದ ಪರದೇಶದಲ್ಲಿ, ನೇರವಾಗಿ ಇಳಿಸುತ್ತಿದ್ದೇವೆ.

ಹೊಳೆ ಬೇರೆ, ಕಡಲು ಬೇರೆ

ನಮ್ಮ ಬೀಗರ ಬಳಗದ ಒಂದು ಕುಟುಂಬ ಜಮಖಂಡಿ ಕಡೆಯಿಂದ ಒಂದು ಮೇ ತಿಂಗಳಲ್ಲಿ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿತ್ತು. ಮಕ್ಕಳಿಬ್ಬರು, ಏಳು ಮತ್ತು ನಾಲ್ಕು ವರ್ಷ. ದರ ಕಡಿಮೆಯಿತ್ತು. ಏಕೆ ಕಡಿಮೆ ಎಂದು ಇವರು ಕೇಳಲಿಲ್ಲ, ಪ್ರವಾಸ ಮಾರಿದವರು ಹೇಳಲೂ ಇಲ್ಲ. ಹೋದ ಐದು ದಿನಗಳಲ್ಲಿ ನಾಲ್ಕು ದಿನ ದಡದಲ್ಲಿ ಕೆಂಪು ಬಾವುಟ. ಮನೆಯ ಯಜಮಾನರು ತುಂಬಿದ ಕೃಷ್ಣೆಯನ್ನು ಈಸಿದವರು. ಮೊಳಕಾಲುದ್ದದ ನೀರಿಗೆ ಅಂಜುವುದೇನು ಎಂದು ಚಿಕ್ಕ ಮಗುವನ್ನು ಎತ್ತಿಕೊಂಡು ಇಳಿದರು. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಯಿತು. ಮುಂದಿನ ಅಲೆ ಎದೆಗೆ ಬಡಿಯಿತು. ಶಿಳ್ಳೆ ಊದುತ್ತ ಓಡಿಬಂದ ಕಾವಲುಗಾರ ಕೈಗೆ ಸಿಕ್ಕಿದ ಅಂಗಿ ಹಿಡಿದು ಇಬ್ಬರನ್ನೂ ಎಳೆದು ಹಾಕಿದ. ಮಗು ಸ್ವಲ್ಪ ಉಪ್ಪುನೀರು ಕುಡಿದುದಷ್ಟೆ, ಬೇರೇನೂ ಆಗಲಿಲ್ಲ. ಹೊಳೆಯ ನೀರು ಎತ್ತ ಹೋಗುತ್ತದೆಂದು ಗೊತ್ತಿರುತ್ತದೆ, ಇದು ಬಂದ ದಾರಿಯಲ್ಲೇ ಹಿಂದಕ್ಕೆ ಒಯ್ಯುತ್ತದೆ ಎಂದು ಅವರೇ ಆಮೇಲೆ ಹೇಳಿದರು.

ಅವರ ಮಾತಿನಲ್ಲಿ ಮುಖ್ಯ ವಿಷಯವಿದೆ. ದಡಕ್ಕೆ ಬಂದು ಬಿದ್ದ ಅಲೆಗಳ ನೀರು ಎಲ್ಲಾದರೂ ಹಿಂದಿರುಗಲೇಬೇಕು. ಅದು ಒಂದು ಕಿರಿದಾದ ಜಾಗದಲ್ಲಿ ಕೂಡಿ ಕಾಲುವೆಯಂತೆ ರಭಸದಿಂದ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಮುರಿಯುವುದು ಕಡಿಮೆ. ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ತಿಳಿಯದವರು ಮಗುವಿಗೆ ಇದೇ ಸುರಕ್ಷಿತವೆಂದು ಅಲ್ಲಿಯೇ ಇಳಿಸುತ್ತಾರೆ. ಆ ಸೆಳವಿಗೆ ಸಿಕ್ಕಿದವರು ದಡದ ಕಡೆಗೆ ಎದುರು ಈಜಿದರೆ ಸೋತು ಮುಳುಗುತ್ತಾರೆ. ತೇಲುತ್ತ ಉಸಿರು ಕಾಪಾಡಿಕೊಂಡು, ಕೈಯೆತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು.

ಇದು ಪರದೇಶದ ಸಮುದ್ರಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. 2017ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಮಾಲ್ವಣ ಬಳಿಯ ವಾಯರಿ ಕಡಲತೀರದಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಿಂದ ಹೋಗಿದ್ದ ಎಂಟು ಮಂದಿ ಮುಳುಗಿ ಸತ್ತರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಎರಡೂ ಒಳನಾಡಿನಿಂದ ಸಮುದ್ರ ನೋಡಲು ಹೋದ ತಂಡಗಳು. ಒಳನಾಡಿನವರಾದ ನಾವು ಇದನ್ನು ಬೇರೆಯವರ ಸುದ್ದಿ ಎಂದು ಓದಿ ಮಡಿಸಿಡುವಂತಿಲ್ಲ.

ಯಾವ ತಿಂಗಳು, ಯಾವ ಕಡಲು

ಮಳೆಯ ಲೆಕ್ಕ ಬೆಳೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಹೂಮಳೆ ಎಂದು, ಮುಂಗಾರು ಎಂದು ಬೆರಳ ತುದಿಯಲ್ಲಿ ಇಟ್ಟುಕೊಂಡಿರುವ ನಾವು ಅದೇ ಲೆಕ್ಕವನ್ನು ಪ್ರವಾಸಕ್ಕೂ ಹಾಕಬೇಕು. ನಮಗೆ ಕೊಡಗಿನ ಮಳೆ ತರುವ ನೈಋತ್ಯ ಮಾರುತವೇ ಫುಕೆಟ್, ಕ್ರಾಬಿ ಇರುವ ಅಂಡಮಾನ್ ಕಡಲನ್ನೂ ಕದಡುತ್ತದೆ. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲೆ ಹೆಚ್ಚು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಶಾಂತ.

ಶ್ರೀಲಂಕೆಯಲ್ಲಿ ಎರಡು ಪಕ್ಕಕ್ಕೆ ಎರಡು ಲೆಕ್ಕ. ಬೆಂತೋಟ, ಉನವಟುನ, ಮಿರಿಸ್ಸ ಇರುವ ನೈಋತ್ಯ ದಡ ಡಿಸೆಂಬರಿನಿಂದ ಮಾರ್ಚ್‌ವರೆಗೆ ಚೆನ್ನಾಗಿರುತ್ತದೆ; ಮೇ ಹೊತ್ತಿಗೆ ಕೆಡುತ್ತದೆ. ಆಗ ಪೂರ್ವದ ದಡ ತಿಳಿಯಾಗುತ್ತದೆ. ಟ್ರಿಂಕೊಮಲಿ ಬಳಿಯ ನಿಲಾವೆಲಿ, ಬಟ್ಟಿಕಲೋವಾ ಕಡೆಯ ಪಾಸಿಕುಡ ಮೇಯಿಂದ ಸೆಪ್ಟೆಂಬರ್‌ವರೆಗೆ ಯೋಗ್ಯ. ಪಾಸಿಕುಡದಲ್ಲಿ ದಡದಿಂದ ಬಹುದೂರದವರೆಗೂ ನೀರು ಆಳವಿಲ್ಲ. ಒಂದೇ ದೇಶ, ಒಂದೇ ತಿಂಗಳು. ಒಂದು ದಡ ಅಪಾಯ, ಇನ್ನೊಂದು ದಡ ಮಕ್ಕಳ ಆಟಕ್ಕೆ ತಕ್ಕುದು.

ಬಾಲಿಯಲ್ಲಿ ಏಪ್ರಿಲಿನಿಂದ ಅಕ್ಟೋಬರ್ ಒಣಹವೆ. ಆದರೆ ಅಲ್ಲಿಯೂ ಕುಟಾ ದಡದ ಅಲೆ ಹಲಗೆ ಸವಾರಿ ಮಾಡುವವರಿಗೆ ಹೇಳಿಸಿದ್ದು. ಚಿಕ್ಕ ಮಕ್ಕಳಿಗೆ ಹವಳದ ದಿಬ್ಬ ಅಲೆಯನ್ನು ತಡೆಯುವ ಸನೂರ್, ನುಸಾ ದುವಾ ಲೇಸು. ಮಾರಿಷಸ್ ದ್ವೀಪದ ಬಹುಭಾಗವನ್ನು ಹವಳದ ದಿಬ್ಬ ಸುತ್ತಿದೆ, ಒಳಗಿನ ನೀರು ಕೆರೆಯಂತೆ. ಅಲ್ಲಿ ಚಂಡಮಾರುತದ ಭಯವಿರುವುದು ಮುಖ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ; ಮೇ ತಿಂಗಳು ಒಳ್ಳೆಯದು. ದುಬೈಗೆ ಮೇ ತಿಂಗಳಲ್ಲಿ ಚಿಕ್ಕ ಮಕ್ಕಳನ್ನು ಒಯ್ಯುವುದು ಬಿಸಿಲಿನಿಂದ ಬಿಸಿಲಿಗೆ ಹೋದಂತೆ. ಅದು ಚಳಿಗಾಲದ ಊರು.

ಅಗ್ಗದ ದರ ಕಂಡಾಗ ನಮ್ಮವರು ಕೇಳಬೇಕಾದ ಮೊದಲ ಪ್ರಶ್ನೆ: ಈ ತಿಂಗಳಲ್ಲಿ ಅಲ್ಲಿ ಕೆಂಪು ಬಾವುಟವೇ? ಎರಡನೆಯದು: ಆ ದಡದಲ್ಲಿ ಜೀವರಕ್ಷಕರು ಇದ್ದಾರೆಯೇ? ಬಾವುಟದ ಭಾಷೆ ಹಲವು ದೇಶಗಳಲ್ಲಿ ಒಂದೇ. ಕೆಂಪು ಎಂದರೆ ಇಳಿಯಬೇಡಿ. ಮೇಲರ್ಧ ಕೆಂಪು, ಕೆಳಗರ್ಧ ಹಳದಿಯ ಎರಡು ಬಾವುಟ ನೆಟ್ಟಿದ್ದರೆ ಆ ಎರಡರ ನಡುವೆ ಕಾವಲಿದೆ, ಅಲ್ಲಿಯೇ ಇಳಿಯಿರಿ. ಯಾವ ಬಾವುಟವೂ ಇಲ್ಲದಿದ್ದರೆ ಅದು ಅನುಮತಿ ಅಲ್ಲ. ನೋಡುವವರು ಯಾರೂ ಇಲ್ಲ ಎಂದು ತಿಳಿಯಬೇಕು.

ತಿಳಿವಳಿಕೆ ಮಗುವಿಗೂ ಬೇಕು

ಫುಕೆಟ್‌ನ ಮಾತು ಬಂದುದರಿಂದ ಅಲ್ಲಿಯ ಇನ್ನೊಂದು ಸಂಗತಿ. 2004ರ ಡಿಸೆಂಬರ್ 26ರಂದು, ಸುನಾಮಿಯ ದಿನ, ಆ ದ್ವೀಪದ ಮೈ ಖಾವೊ ದಡದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ತಂದೆ ತಾಯಿ ತಂಗಿಯೊಡನೆ ರಜೆ ಕಳೆಯಲು ಬಂದಿದ್ದಳು. ನೀರು ವಿಚಿತ್ರವಾಗಿ ನೊರೆ ಏಳುವುದನ್ನು ಕಂಡಳು. ಎರಡು ವಾರದ ಹಿಂದೆಯಷ್ಟೇ ಶಾಲೆಯ ಭೂಗೋಳದ ಪಾಠದಲ್ಲಿ ಸುನಾಮಿಯ ವಿಷಯ ಕಲಿತಿದ್ದಳು. ದೊಡ್ಡವರು ನಂಬುವವರೆಗೂ ಹಟ ಹಿಡಿದು ಹೇಳಿದಳು. ತಂದೆ ಕಾವಲುಗಾರನಿಗೆ ತಿಳಿಸಿದ. ನೂರರಷ್ಟು ಮಂದಿಯನ್ನು ದಡದಿಂದ ಮೇಲಕ್ಕೆ ಕಳಿಸಲಾಯಿತು. ಆ ದಡದಲ್ಲಿ ಜೀವಹಾನಿ ಆಗಲಿಲ್ಲ. ಈ ಪ್ರವಾಸಕ್ಕೆ ಆ ಕುಟುಂಬ ಎಷ್ಟು ಪೆಟ್ಟಿಗೆ ಕಟ್ಟಿತ್ತೋ, ಉಪಯೋಗಕ್ಕೆ ಬಂದದ್ದು ಊರಿನಲ್ಲಿ ಕಲಿತ ಪಾಠ.

ಮುಳುಗುವ ಮಗು ಕೂಗುವುದಿಲ್ಲ ಎಂಬುದನ್ನೂ ತಂದೆ ತಾಯಿ ತಿಳಿದಿರಬೇಕು. ಸಿನಿಮಾದಲ್ಲಿ ಕಾಣುವಂತೆ ಕೈ ಬಡಿದು ಕಿರುಚುವುದಕ್ಕೆ ಅದಕ್ಕೆ ಉಸಿರೇ ಇರುವುದಿಲ್ಲ. ಒಂದೆರಡು ನಿಮಿಷದಲ್ಲಿ ಸದ್ದಿಲ್ಲದೆ ಮುಗಿದುಹೋಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಸಮುದ್ರದಷ್ಟೇ ಅಪಾಯ ಹೋಟೆಲಿನ ಈಜುಕೊಳ. ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಐದು ವರ್ಷದೊಳಗಿನ ಮಕ್ಕಳು. ಆದುದರಿಂದ ನಿಯಮ ಒಂದೇ: ಚಿಕ್ಕ ಮಗು ನೀರಿನಲ್ಲಿದ್ದಾಗ ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿ ಇರಬೇಕು. ಆ ಹೊತ್ತಿಗೆ ಅವರ ಕೈಯಲ್ಲಿ ಮೊಬೈಲೂ ಇರಬಾರದು, ಗ್ಲಾಸೂ ಇರಬಾರದು. ಎಲ್ಲರೂ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದರ್ಥ, ಸರದಿ ಹಾಕಿಕೊಳ್ಳಿ. ಗಾಳಿ ತುಂಬಿದ ಬಣ್ಣದ ಬಳೆಗಳನ್ನು ನಂಬಬೇಡಿ. ದಡದಿಂದ ಒಳಕ್ಕೆ ಬೀಸುವ ಗಾಳಿ ಅವನ್ನು ಮಗುವಿನ ಸಮೇತ ಒಯ್ಯುತ್ತದೆ. ದೋಣಿ ಹತ್ತುವಾಗ ಮಗುವಿನ ಅಳತೆಯ ರಕ್ಷಾಕವಚ ಇಲ್ಲವೆಂದರೆ ಹತ್ತಬೇಡಿ.

ಇನ್ನೊಂದು ಮಾತು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವ ವಾಡಿಕೆ ಮೊದಲಿನಿಂದಲೂ ಕಡಿಮೆ. ಕಡಲತೀರದಲ್ಲಿ ಮಗುವಿನ ಹತ್ತಿರ ಹೆಚ್ಚು ಹೊತ್ತು ಇರುವವಳು ತಾಯಿ. ಅವಳಿಗೇ ನೀರು ಬಾರದಿದ್ದರೆ ಮಗುವಿನ ಹಿಂದೆ ಅವಳೂ ಹೋಗುತ್ತಾಳೆ. ಇದನ್ನು ಕಠೋರವಾಗಿ ಹೇಳುತ್ತಿದ್ದೇವೆ. ಮೆತ್ತಗೆ ಹೇಳುವ ವಿಷಯವಲ್ಲ.

ಹಣದ ಮಾತು

1975ರಲ್ಲಿ ಬ್ರೆಜಿಲಿನ ಕಾಫಿ ಹಿಮಕ್ಕೆ ಸುಟ್ಟುಹೋಗಿ, 1977ರಲ್ಲಿ ಅರೇಬಿಕ ಧಾರಣೆ ಶಿಖರಕ್ಕೇರಿತ್ತು. ಆ ದಾಖಲೆ ಮುರಿದದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ 1989ರ ಕುಸಿತವನ್ನೂ, 2001-02ರ ಕಷ್ಟವನ್ನೂ ಕಂಡಿದ್ದೇವೆ. ಧಾರಣೆ ಏರಿದಷ್ಟೇ ಸುಲಭವಾಗಿ ಇಳಿಯುತ್ತದೆ. ಆದುದರಿಂದ ಪ್ರವಾಸಕ್ಕೆ ಸಾಲ ಬೇಡ. ಬೆಳೆಸಾಲದ ಹಣವಂತೂ ಬೇಡವೇ ಬೇಡ. ಕಂತಿನಲ್ಲಿ ಹೋಗಿಬಂದ ಸಮುದ್ರ ಮೂರು ವರ್ಷ ಮನೆಯಲ್ಲೇ ಭೋರ್ಗರೆಯುತ್ತದೆ.

ಪರದೇಶ ಪ್ರವಾಸದ ಪ್ಯಾಕೇಜಿಗೆ ಹಣ ಕಟ್ಟುವಾಗ ಮೂಲದಲ್ಲೇ ಆದಾಯ ತೆರಿಗೆ ವಸೂಲಾಗುತ್ತದೆ. ಅದರ ಪ್ರಮಾಣ ಆಗಾಗ ಬದಲಾಗಿದೆ. ಕೃಷಿ ಆದಾಯವೆಂದು ತೆರಿಗೆ ವಿವರವನ್ನೇ ಸಲ್ಲಿಸದ ಸದಸ್ಯರು, ವಿವರ ಸಲ್ಲಿಸಿದರೆ ಮಾತ್ರ ಆ ಹಣ ಹಿಂದಿರುಗುತ್ತದೆ ಎಂಬುದನ್ನು ಗಮನಿಸಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನಾಂಕಕ್ಕೆ ಆಧಾರ. ಹೆಸರಿನ ಅಕ್ಷರದಲ್ಲಿ ತಪ್ಪಿದ್ದರೆ ಮೊದಲೇ ತಿದ್ದಿಸಿಕೊಳ್ಳಿ. ವೀಸಾ ನಿಯಮವನ್ನು ಹೊರಡುವ ತಿಂಗಳಿನಲ್ಲಿಯೇ ಮತ್ತೊಮ್ಮೆ ವಿಚಾರಿಸಿ. ಕಳೆದ ವರ್ಷ ಹೋದವರ ಮಾತು ಸಾಲದು.

ಸಂಘ ಮಾಡಬೇಕಾದ್ದು

ನೀರು ಮನೆಬಾಗಿಲಿಗೆ ಬಂದಿರುವುದು ಕೃಷ್ಣಾತೀರದಲ್ಲಿ ಮಾತ್ರವಲ್ಲ. ಹೂಮಳೆ ನಂಬುವಂತಿಲ್ಲವೆಂದು ತುಂತುರು ನೀರಾವರಿಗಾಗಿ ನಾವೂ ತೋಟ ತೋಟದಲ್ಲಿ ಕೆರೆ ತೋಡಿಸಿದ್ದೇವೆ. ಕೆಲವಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಬಿದ್ದರೆ ದೊಡ್ಡವರೂ ಜಾರಿ ಮೇಲೆ ಬರಲಾರರು. ಆ ಕೆರೆಗಳ ಪಕ್ಕದಲ್ಲೇ ಕೂಲಿಲೈನುಗಳಿವೆ. ತಾಯಿ ತಂದೆ ಕೊಯ್ಲಿಗೆ ಹೋದಾಗ ಆ ಮಕ್ಕಳನ್ನು ನೋಡುವವರಿಲ್ಲ. ನಮ್ಮ ಮಗುವಿಗೆ ಸನೂರಿನ ಶಾಂತ ನೀರನ್ನು ಹುಡುಕುವ ನಾವು, ಆಳಿನ ಮಗುವಿಗೆ ನಮ್ಮದೇ ಕೆರೆಯನ್ನು ಅಪಾಯವಾಗಿ ಬಿಟ್ಟಿರುವುದು ನ್ಯಾಯವಲ್ಲ.

ಬಾಂಗ್ಲಾದೇಶ ನಮಗಿಂತ ಶ್ರೀಮಂತ ದೇಶವೇನಲ್ಲ. ಅಲ್ಲಿ ಊರ ಕೊಳದಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಊರಿನವರನ್ನೇ ತರಬೇತುಗೊಳಿಸಿ, ಸಾವಿರಾರು ಹಳ್ಳಿಯ ಮಕ್ಕಳಿಗೆ ಈಜು ಕಲಿಸಿದ್ದಾರೆ. ಇನ್ನೂ ಚಿಕ್ಕ ಮಕ್ಕಳನ್ನು ಹಗಲು ಹೊತ್ತು ಒಂದೆಡೆ ನೋಡಿಕೊಳ್ಳುವ ಏರ್ಪಾಡನ್ನೂ ಮಾಡಿದ್ದಾರೆ. ಬಿದಿರು ನಮ್ಮಲ್ಲಿಲ್ಲವೇ? ಕೆರೆಯಿಲ್ಲವೇ? ಈಜು ಬಲ್ಲ ಐವತ್ತು ದಾಟಿದ ಸದಸ್ಯರಿಲ್ಲವೇ?

ಮುಂದಿನ ಮಹಾಸಭೆಯ ಮುಂದೆ ನಾವು ಮೂರು ಸಲಹೆ ಇಡಲಿದ್ದೇವೆ.

ಒಂದು, ಪ್ರತಿ ಏಪ್ರಿಲ್‌ನಲ್ಲಿ, ಹೂಮಳೆಯ ಹಿಂದಿನ ಮಳೆಯೂ ಆಗಿ ತೋಟದ ಕೆಲಸ ಹಗುರಾದಾಗ, ಆರು ವರ್ಷ ದಾಟಿದ ಮಕ್ಕಳಿಗೆ ಹದಿನೈದು ದಿನದ ಈಜು ಶಿಬಿರ. ಸದಸ್ಯರ ಮಕ್ಕಳಿಗೂ ಕೆಲಸಗಾರರ ಮಕ್ಕಳಿಗೂ ಒಂದೇ ನೀರು. ಹೆಣ್ಣುಮಕ್ಕಳಿಗೂ ತಾಯಂದಿರಿಗೂ ಪ್ರತ್ಯೇಕ ವೇಳೆ, ಹೆಣ್ಣು ಶಿಕ್ಷಕರು. ಮುಳುಗಿದವರನ್ನು ಎತ್ತಿದ ಮೇಲೆ ಉಸಿರು ಕೊಡುವ ಕ್ರಮವನ್ನು ವೈದ್ಯರಿಂದ ದೊಡ್ಡವರಿಗೆ ಕಲಿಸುವುದು.

ಎರಡು, ಪ್ರತಿ ನೀರಾವರಿ ಕೆರೆಗೂ ಬೇಲಿ. ನಾಲ್ಕು ದಿಕ್ಕಿಗೂ ಗಂಟು ಹಾಕಿದ ದಪ್ಪ ಹಗ್ಗ. ದಡದಲ್ಲಿ ಹಳೆಯ ಟೈರು ಟ್ಯೂಬು. ಸಾಮಗ್ರಿಯನ್ನು ಸಂಘ ಒಟ್ಟಾಗಿ ಕೊಂಡರೆ ಪ್ರತಿಯೊಬ್ಬರಿಗೆ ತಗಲುವುದು ಒಂದು ಮೂಟೆ ಗೊಬ್ಬರದ ಹಣಕ್ಕಿಂತ ಹೆಚ್ಚಲ್ಲವೆಂಬುದು ನಮ್ಮ ಅಂದಾಜು.

ಮೂರು, ಯಾವ ತಿಂಗಳಿಗೆ ಯಾವ ಕಡಲು ಎಂಬ ಪಟ್ಟಿಯನ್ನು ಕಚೇರಿಯ ಗೋಡೆಗೆ ಮಳೆ ಲೆಕ್ಕದ ಪಕ್ಕದಲ್ಲೇ ತೂಗಹಾಕುವುದು. ಹೋಗಿ ಬಂದ ಸದಸ್ಯರು ತಾವು ಕಂಡದ್ದನ್ನು ಅದಕ್ಕೆ ಸೇರಿಸಬೇಕು.

ಚಿಕ್ಕಪಡಸಲಗಿಯ ರೈತರು ಸರ್ಕಾರ ಬರಲೆಂದು ಕಾಯದೆ ಹೊಳೆಗೇ ಕಟ್ಟೆ ಕಟ್ಟಿದರು. ನಾವು ಕಟ್ಟಬೇಕಾದ್ದು ಒಂದು ಬೇಲಿ, ಒಂದು ಬಿದಿರಿನ ಅಟ್ಟಣೆ. ಸದಸ್ಯರು ಪರದೇಶಕ್ಕೆ ಧಾರಾಳವಾಗಿ ಹೋಗಲಿ, ಮಕ್ಕಳು ಮರಳಿನಲ್ಲಿ ಮನೆ ಕಟ್ಟಿ ನಲಿಯಲಿ. ಶಿಬಿರಕ್ಕೆ ಮಕ್ಕಳ ಹೆಸರು ಕೊಡುವವರು, ಕಲಿಸಲು ಮುಂದಾಗುವವರು, ಕೆರೆ ಬಿಟ್ಟುಕೊಡುವವರು ಈ ತಿಂಗಳ ಕೊನೆಯೊಳಗೆ ಕಚೇರಿಯಲ್ಲಿ ತಿಳಿಸಬೇಕಾಗಿ ಕೋರುತ್ತೇವೆ.